ಪಣಜಿಯಲ್ಲಿ ಎರಡು ದಿನ

ಪಣಜಿಗೆ ಹೋಗಿಬಂದೆವೆಂದರೆ ಈಗ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಗೆದ್ದಿರಿ?" ಎಂಬುದು. ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಜೂಜಿನ ಹಡಗುಗಳ ಖ್ಯಾತಿ ಅಷ್ಟು ಹಬ್ಬಿದೆ. ಆದರೆ ಗೆಲ್ಲದೆ, ಸೋಲದೆ, ಸಂಸಾರ ಸಮೇತ ಅಲ್ಲಿ ಎರಡು ದಿನ ಸುಖವಾಗಿ ಕಳೆಯಬಹುದೆಂದು ವಾಚಕರಿಗೆ ತಿಳಿಸಲು ಈ ನಾಲ್ಕು ಮಾತು.

ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ದಾರಿ ನಮ್ಮ ಬೆಳಗಾವಿ, ಲೋಂಡಾಗಳ ಮೇಲೆಯೇ. ಘಟ್ಟ ಇಳಿಯುವಾಗ ದೂಧಸಾಗರದ ದರ್ಶನವಾಗುತ್ತದೆ. ಮಡಗಾಂವದಲ್ಲಿ ಇಳಿದು ಸರ್ಕಾರಿ ಬಸ್ಸು ಹತ್ತಿದೆವು. ಅದರ ಹೆಸರು 'ಕದಂಬ'! ಬನವಾಸಿಯ ಕದಂಬರ ಒಂದು ಶಾಖೆ ಗೋವೆಯನ್ನು ಆಳಿದ ನೆನಪು ಅಲ್ಲಿ ಇನ್ನೂ ರಸ್ತೆಯ ಮೇಲೆ ಓಡಾಡುತ್ತಿದೆ.

ಸಂಜೆ ನದೀತೀರದಲ್ಲಿ ತಿರುಗಾಡಿದೆವು. ಹಡಗುಗಳ ಬಣ್ಣದ ದೀಪಗಳು ನೀರಿನಲ್ಲಿ ಕುಣಿಯುತ್ತಿದ್ದವು. ಇಪ್ಪತ್ತೊಂದು ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ನಮ್ಮ ಹಿರಿಯ ಮಗನಿಗೆ ಇಪ್ಪತ್ತು. "ಇನ್ನೊಂದು ವರ್ಷ ತಡೆದರಾಯಿತು" ಎಂದು ಅವನು ನಕ್ಕ. ನಮಗೆ ನಗು ಬರಲಿಲ್ಲ. ಅವನ ಅಜ್ಜಿ ಮಾತ್ರ ಮೆಲ್ಲನೆ, "ಧರ್ಮರಾಯಗ ವಯಸ್ಸು ಕಡಿಮಿ ಇತ್ತೇನಪಾ?" ಎಂದರು. ವಿಚಿತ್ರವೆಂದರೆ, 2020ರ ಫೆಬ್ರವರಿಯಲ್ಲಿ ಗೋವೆಯ ನಿವಾಸಿಗಳಿಗೇ ಅಲ್ಲಿ ಜೂಜಾಡುವುದನ್ನು ನಿಷೇಧಿಸಲಾಯಿತು. ಮನೆಯ ಮಕ್ಕಳಿಗೆ ಬೇಡವೆಂದ ಅಡಿಗೆಯನ್ನು ಅತಿಥಿಗಳಿಗೆ ಬಡಿಸಿದಂತೆ!

ಬೆಳಿಗ್ಗೆ ಎದ್ದರೆ ಊರೇ ಬೇರೆ. ಫೊಂತೇನ್ಹಾಸ್ ಕೇರಿಯ ಇಕ್ಕಟ್ಟಾದ ಓಣಿಗಳು, ಹಳದಿ, ನೀಲಿ, ಕಾವಿ ಬಣ್ಣದ ಗೋಡೆಗಳು, ಹೆಂಚಿನ ಮಾಡು, ಬಾಗಿಲಲ್ಲಿ ಹೂಕುಂಡ. ಜನ ವಾಸಿಸುವ ಮನೆಗಳಾದ್ದರಿಂದ ನಾವು ಮೆಲ್ಲನೆ ಮಾತಾಡುತ್ತ ನಡೆದೆವು. ನದಿಯ ಬಳಿ, ಬಿಜಾಪುರದ ಯೂಸುಫ್ ಆದಿಲಶಾಹ ಕಟ್ಟಿಸಿದ ಅರಮನೆಯ ಪಕ್ಕದಲ್ಲಿ, ಅಬೆ ಫಾರಿಯಾನ ಪ್ರತಿಮೆಯಿದೆ. 1756ರಲ್ಲಿ ಗೋವೆಯಲ್ಲಿ ಹುಟ್ಟಿದ ಈ ಪಾದ್ರಿ ಪ್ಯಾರಿಸ್ಸಿನಲ್ಲಿ ಸಮ್ಮೋಹನವಿದ್ಯೆಗೆ ಹೆಸರಾದವನು. ಅವನು ದಡದಲ್ಲಿ, ಇಂದಿನ ಸಮ್ಮೋಹನ ನೀರಿನಲ್ಲಿ!

ಮರುದಿನ ಹಳೆ ಗೋವೆಗೆ ಹೋಗಿ, ಅಲ್ಲಿಂದ ಫೆರಿಯಲ್ಲಿ ದಿವಾರ್ ದ್ವೀಪಕ್ಕೆ ದಾಟಿದೆವು. ಗದ್ದೆಬಯಲು, ಕೊಕ್ಕರೆಗಳು, ಗುಡ್ಡದ ಮೇಲೊಂದು ಇಗರ್ಜಿ. ಕದಂಬರ ಕುಲದೈವ ಸಪ್ತಕೋಟೇಶ್ವರನ ಗುಡಿ ಇದ್ದದ್ದು ಈ ದ್ವೀಪದಲ್ಲಿ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಕಾಲಕ್ಕೆ ಅದು ನಾಶವಾದಾಗ ಭಕ್ತರು ಲಿಂಗವನ್ನು ಹೊಳೆಯಾಚೆಯ ನಾರ್ವೆಗೆ ಸಾಗಿಸಿದರು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ನಾವೂ ಇನ್ನೊಂದು ಫೆರಿ ಹಿಡಿದು ಹೋಗಿ ಕೈಮುಗಿದೆವು.

ಮರಳುವಾಗ ಮಗ ಫೆರಿಯ ಅಂಚಿನಲ್ಲಿ ನಿಂತು, "ಈ ನೀರು ಎಲ್ಲಿಯದು?" ಎಂದು ಕೇಳಿದ. ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ ಎಂದಾಗ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ. ಮುಂದಿನ ವರ್ಷ ಆ ಬಾಗಿಲು ಅವನಿಗೂ ತೆರೆಯುತ್ತದೆ. ತಡೆಯಲು ನಾವು ಜೊತೆಗಿರುವುದಿಲ್ಲ. ಈ ಹೊಳೆಯ ಇನ್ನೊಂದು ಗುರುತನ್ನಾದರೂ ಅವನಿಗೆ ಮೊದಲೇ ಮಾಡಿಸಿದೆವಲ್ಲ ಎಂಬುದೊಂದು ಸಮಾಧಾನ.

ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿರಿ. ನಡೆಯಲು ಹಗುರ ಚಪ್ಪಲಿ, ಬಿಸಿಲಿಗೆ ಕೊಡೆ, ಜೊತೆಗೆ ಮನೆಯ ಹಿರಿಯರೊಬ್ಬರು ಇರಲಿ.