ಗೆರೆಯೂ ಸೆರೆಯೂ

ದಾರಿ ಕೇಳಿದವನಿಗೆ ಎಡ, ಬಲ ಎಂದು ಎಷ್ಟು ವಿವರಿಸಿದರೂ ತಿಳಿಯದಿದ್ದಾಗ, ಹೇಳುವವನು ಕಡ್ಡಿಯೊಂದನ್ನು ಹಿಡಿದು ನೆಲದ ಮೇಲೆ ನಾಲ್ಕು ಗೆರೆ ಎಳೆಯುತ್ತಾನೆ. ಕ್ಷಣಮಾತ್ರದಲ್ಲಿ ಊರೇ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಆದರೆ ನೆಲದ ಮೇಲೆ ನೇರವಾಗಿದ್ದ ಗೆರೆ ಮುಂದೆ ಬೀದಿಯಲ್ಲಿ ಬಾಗಿತೆನ್ನಿ. ದಾರಿಹೋಕನು ಬೀದಿಯನ್ನು ಸಂಶಯಿಸುತ್ತಾನೆಯೇ ಹೊರತು ಗೆರೆಯನ್ನಲ್ಲ. ಚಿತ್ರದ ಉಪಕಾರ, ಅಪಕಾರಗಳೆರಡೂ ಇಷ್ಟರಲ್ಲೇ ಅಡಗಿವೆ.

ಖಗೋಳಶಾಸ್ತ್ರಜ್ಞ ಯೋಹಾನೆಸ್ ಕೆಪ್ಲರನ ಬಾಳು ಇದಕ್ಕೊಂದು ದೊಡ್ಡ ನಿದರ್ಶನ. 1595ರ ಜುಲೈ ತಿಂಗಳು. ಇಂದು ಆಸ್ಟ್ರಿಯಕ್ಕೆ ಸೇರಿದ ಗ್ರಾಟ್ಸ್ ನಗರದ ಶಾಲೆಯಲ್ಲಿ 23 ವರ್ಷದ ಈ ಉಪಾಧ್ಯಾಯನು ಪಾಠ ಹೇಳುತ್ತ, ಗುರು ಶನಿಗಳು ಆಕಾಶದಲ್ಲಿ ಕೂಡುವ ಸ್ಥಾನಗಳನ್ನು ತೋರಿಸಲು ವೃತ್ತವೊಂದನ್ನು ಬರೆದು, ಅದರೊಳಗೆ ತ್ರಿಕೋನಗಳನ್ನು ಹೆಣೆದನು. ಗೆರೆಗಳ ನಡುವೆ ತಾನಾಗಿಯೇ ಇನ್ನೊಂದು ಚಿಕ್ಕ ವೃತ್ತ ಮೂಡಿತು. ಎರಡು ವೃತ್ತಗಳ ಪ್ರಮಾಣವು ಆ ಎರಡು ಗ್ರಹಗಳ ಕಕ್ಷೆಗಳ ಪ್ರಮಾಣಕ್ಕೆ ಸಮೀಪವಾಗಿತ್ತು. ಅವನಿಗೆ ಮಿಂಚು ಹೊಡೆದಂತಾಯಿತು. ಸರ್ವಸಮವಾದ ಮುಖ, ಮೂಲೆಗಳುಳ್ಳ ಘನಾಕೃತಿಗಳು ಐದೇ. ಆಗ ತಿಳಿದಿದ್ದ ಗ್ರಹಗಳು ಆರೇ. ಆರು ಗೋಲಗಳ ಐದು ಎಡೆಗಳಲ್ಲಿ ಐದು ಆಕೃತಿಗಳನ್ನು ಕೂರಿಸಿ, ಸೃಷ್ಟಿಯ ಗುಟ್ಟು ಬಯಲಾಯಿತೆಂದು 1596ರಲ್ಲಿ ಪುಸ್ತಕ ಬರೆದನು. ಊಹೆ ತಪ್ಪು, ಆದರೆ ಆ ಪುಸ್ತಕವೇ ಅವನನ್ನು ಟೈಕೋ ಬ್ರಾಹೆಯ ಗಮನಕ್ಕೆ ತಂದಿತು. ಅಂದಿನ ಅತ್ಯಂತ ನಿಖರವಾದ ಗ್ರಹವೀಕ್ಷಣೆಗಳು ಇದ್ದುದು ಬ್ರಾಹೆಯ ಬಳಿಯಲ್ಲೇ.

ಗ್ರಹಗಳ ಚಲನೆಗೆ ವೃತ್ತವೇ ಆಧಾರವೆಂಬ ಚಿತ್ರ ಸುಮಾರು ಎರಡು ಸಾವಿರ ವರ್ಷಗಳಿಂದ ವಿದ್ವಾಂಸರ ಕಣ್ಣಲ್ಲಿ ಕುಳಿತಿತ್ತು. ಕೆಪ್ಲರನೂ ಮಂಗಳನನ್ನು ವೃತ್ತದಲ್ಲೇ ತಿರುಗಿಸಲು ವರ್ಷಗಟ್ಟಲೆ ಹೆಣಗಿದನು. ಕೊನೆಗೆ ಲೆಕ್ಕಕ್ಕೂ ವೀಕ್ಷಣೆಗೂ ಉಳಿದ ಅಂತರ 8 ಕಲೆಗಳು. ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲುಭಾಗ. ಮತ್ತೊಬ್ಬನಾಗಿದ್ದರೆ ಅಷ್ಟನ್ನು ಮನ್ನಿಸಿ ನೆಮ್ಮದಿಯಿಂದ ಮಲಗುತ್ತಿದ್ದನು. ಕೆಪ್ಲರನು ವೀಕ್ಷಣೆಯನ್ನು ನಂಬಿ ವೃತ್ತವನ್ನು ಕೈಬಿಟ್ಟನು. ಮಂಗಳನ ಹಾದಿ ದೀರ್ಘವೃತ್ತವೆಂಬ ಸತ್ಯ 1609ರಲ್ಲಿ ಪ್ರಕಟವಾಯಿತು.

ಆದರೆ ತಾನೇ ಬರೆದ ಚಿತ್ರ? 1621ರಲ್ಲಿ ಆ ಹಳೆಯ ಪುಸ್ತಕವನ್ನು ಹೊಸ ಟಿಪ್ಪಣಿಗಳೊಡನೆ ಮತ್ತೆ ಅಚ್ಚುಮಾಡಿಸಿದಾಗಲೂ ಆ ಐದು ಆಕೃತಿಗಳನ್ನು ಅವನು ಬಿಟ್ಟುಕೊಡಲಿಲ್ಲ. 1781ರಲ್ಲಿ ಯುರೇನಸ್ ಕಂಡಿತು. ಏಳನೆಯ ಗ್ರಹಕ್ಕೆ ಆ ಚಿತ್ರದಲ್ಲಿ ಜಾಗವೇ ಇರಲಿಲ್ಲ.

ಇಪ್ಪತ್ತು ಶತಮಾನಗಳ ಗೆರೆಯನ್ನು ಅಳಿಸಬಲ್ಲವನಿಗೂ ತನ್ನ ಕೈಯ ಗೆರೆಯನ್ನು ಅಳಿಸಲಾಗಲಿಲ್ಲ. ಮಮತೆ ಎಂಬುದು ಮಕ್ಕಳ ಮೇಲೆ ಮಾತ್ರ ಇರುವುದಲ್ಲ. ಯೋಚನೆಗೆ ಚಿತ್ರ ಬೇಕು. ಬರೆಯುವ ಕೈ ಹಿಂಜರಿಯಬಾರದು. ಆದರೆ ಶಾಲೆಯ ಕರಿಹಲಗೆಯ ಬಳಿ ಸೀಮೆಸುಣ್ಣದ ಜೊತೆಗೇ ಒರೆಸುವ ಬಟ್ಟೆಯನ್ನೂ ಇಟ್ಟಿರುತ್ತಾರೆ. ಅದನ್ನು ಇಟ್ಟವರು ತಿಳಿದವರೇ ಇರಬೇಕು.