ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಚೀಲ ಯಾವುದು?

“ಸಾರ್, ಹಳೇ ಫಿಲ್ಮ್ ಕ್ಯಾಮೆರಾ ತಗೋಬೇಕು ಅಂತಿದೀನಿ, ಯಾವುದು ತಗೊಳ್ಳಲಿ?” ಎಂದು ಈಚೆಗೆ ನನ್ನನ್ನು ಕೇಳಿದ ಹಳೆಯ ವಿದ್ಯಾರ್ಥಿಗಳು ಮೂವರು. ಅವರ ಜೊತೆಗೆ ನನ್ನ ತಂಗಿಯ ಮಗನೂ ಒಬ್ಬ. ಕೈಯಲ್ಲಿರುವ ಫೋನು ಕಾಸಿನ ಖರ್ಚಿಲ್ಲದೆ ಸಾವಿರ ಚಿತ್ರ ತೆಗೆದುಕೊಡುವ ಈ ಕಾಲದಲ್ಲಿ, ಮೂವತ್ತಾರು ಚಿತ್ರಕ್ಕೆ ಮುಗಿದುಹೋಗುವ ರೀಲಿನ ಮೇಲೆ ಇವರಿಗೇಕೆ ಮೋಹ ಹುಟ್ಟಿತೋ ನಾನು ವಿಚಾರಿಸಲಿಲ್ಲ. ಮೋಹಕ್ಕೆ ಕಾರಣ ಕೇಳಬಾರದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಅನ್ವಯಿಸುವಂತೆ ಒಂದೆಡೆ ಬರೆದಿಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಿ. ನೀವು ತೆಗೆಯಬೇಕೆಂದಿರುವುದು ಯಾವುದರ ಚಿತ್ರ? ರೀಲನ್ನು ತೊಳೆದುಕೊಡುವವರು ಎಲ್ಲಿದ್ದಾರೆ? ತೊಳೆದ ನೆಗೆಟಿವನ್ನು ಎಲ್ಲಿ ಇಡುತ್ತೀರಿ? ಕಂಪನಿಯ ಹೆಸರು, ಮಾಡೆಲ್ಲಿನ ಸಂಖ್ಯೆ ಇವೆಲ್ಲ ಆಮೇಲಿನ ಮಾತು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರಿಗೆ, ವನ್ಯಜೀವಿಗಳನ್ನು ಚಿತ್ರಿಸಿ ದೇಶವಿದೇಶಗಳಲ್ಲಿ ಹೆಸರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಿಗೆ, ಸಂಡೂರಿನ ಎಂ.ವೈ. ಘೋರ್ಪಡೆಯವರಿಗೆ ಉದ್ದನೆಯ ಲೆನ್ಸುಗಳು ಬೇಕಾದದ್ದು ಸಹಜ. ಅವರ ವಸ್ತು ಅದನ್ನು ಬೇಡುತ್ತಿತ್ತು. ಅವರ ಚಿತ್ರಗಳನ್ನು ಕಂಡು ನಾವು ಅವರ ಲೆನ್ಸುಗಳನ್ನು ಕೊಂಡರೆ, ಉರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತ ಅಜ್ಜಿಯ ಚಿತ್ರ ತೆಗೆಯಲು ರೈಲುಹಳಿಗಳನ್ನು ದಾಟಿ ಆಚೆ ಹೋಗಿ ನಿಲ್ಲಬೇಕಾದೀತು!

ನನ್ನ ಮೊದಲ ಕ್ಯಾಮೆರಾ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ನಮ್ಮ ತಲೆಮಾರಿನ ಎಷ್ಟೋ ಮನೆಗಳ ನಾಮಕರಣ, ಮದುವೆ, ಶಾಲಾ ಪ್ರವಾಸಗಳು ಉಳಿದಿರುವುದು ಆ ಕಪ್ಪು ಡಬ್ಬಿಯ ಕೃಪೆಯಿಂದ. 120ರ ರೀಲು, ಹನ್ನೆರಡು ಚೌಕ ಚಿತ್ರಗಳು, ತಿರುಗಿಸಿ ಒದ್ದಾಡಲು ಹೆಚ್ಚಿನ ಗುಂಡಿಗಳಿಲ್ಲ. ಲೆನ್ಸು ಸಾಧಾರಣದ್ದು. ಆದರೆ ಅದರ ನೆಗೆಟಿವಿನ ಅಳತೆ ಸುಮಾರು 56 ಮಿ.ಮೀ. ಚೌಕ. ಮೂವತ್ತೈದು ಮಿ.ಮೀ. ರೀಲಿನ ಚಿತ್ರವಾದರೋ 24 x 36 ಮಿ.ಮೀ. ಗುಣಿಸಿ ನೋಡಿ, ಮೊದಲಿನದು ಮೂರೂವರೆ ಪಟ್ಟಿಗಿಂತ ದೊಡ್ಡದು. ಸಾಧಾರಣ ಲೆನ್ಸಿನ ಬಡತನವನ್ನು ನೆಗೆಟಿವಿನ ದೊಡ್ಡತನ ಬಹುಮಟ್ಟಿಗೆ ಮುಚ್ಚುತ್ತಿತ್ತು. ಕೋಡಕ್ ಕಂಪನಿ 1901ರಲ್ಲಿ ತಂದ ಈ 120ರ ರೀಲೂ 1934ರಲ್ಲಿ ತಂದ ಮೂವತ್ತೈದರ ಕಾರ್ಟ್ರಿಜ್ಜೂ ಇಂದಿಗೂ ಸಿಗುತ್ತವೆ. ಆದ್ದರಿಂದ ಇವೆರಡರಲ್ಲಿ ಒಂದನ್ನು ಬಳಸುವ ಕ್ಯಾಮೆರಾವನ್ನೇ ಕೊಳ್ಳಿ. ಬೇರೆ ಅಳತೆಯ ಕ್ಯಾಮೆರಾ ಎಷ್ಟೇ ಅಂದವಾಗಿದ್ದರೂ ಶೋಕೇಸಿಗೆ ಮಾತ್ರ ಯೋಗ್ಯ.

ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ, ಪೂರ್ಣ ಯಾಂತ್ರಿಕವಾದ ಮೂವತ್ತೈದರ ಎಸ್.ಎಲ್.ಆರ್. ನಾನು ದೀರ್ಘಕಾಲ ಬಳಸಿದ್ದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಈ ಮಾಡೆಲ್ಲಿನಲ್ಲಿ ಬ್ಯಾಟರಿ ಬೇಕಾಗುವುದು ಲೈಟ್ ಮೀಟರಿಗಷ್ಟೇ. ಬ್ಯಾಟರಿ ಸತ್ತರೂ ಷಟರ್ ಬಡಿಯುತ್ತಲೇ ಇರುತ್ತದೆ. ಅರುವತ್ತು, ಎಪ್ಪತ್ತರ ದಶಕದ ಹಲವು ಕ್ಯಾಮೆರಾಗಳು ಪಾದರಸದ ಬ್ಯಾಟರಿಯನ್ನು ಬೇಡುತ್ತವೆ. ಅವು ಈಗ ಮಾರುಕಟ್ಟೆಯಲ್ಲಿಲ್ಲ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ. ಹಿಂಬಾಗಿಲು ತೆರೆದು ಒಂದು ಸೆಕೆಂಡಿನ ಷಟರನ್ನು ಒತ್ತಿ ನೋಡಿ, ಅದು ತೊದಲಬಾರದು. ಬಾಗಿಲಂಚಿನ ಸ್ಪಂಜು ಪುಡಿಯಾಗಿದ್ದರೆ ಬೆಳಕು ಸೋರುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ನೋಡಿ, ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ನನಗೊಮ್ಮೆ ಅಂಗಡಿಯವರೊಬ್ಬರು “ಸ್ವಲ್ಪ ಧೂಳು ಅಷ್ಟೇ ಸಾರ್” ಎಂದು ಅಂತಹದೇ ಲೆನ್ಸನ್ನು ದಾಟಿಸಲು ನೋಡಿದ್ದರು. ಜೇಬಿನಲ್ಲಿದ್ದ ಟಾರ್ಚು ನನ್ನ ಹಣ ಉಳಿಸಿತು.

ಲೆನ್ಸಿನ ವಿಷಯದಲ್ಲಿ ಒಂದೇ ಮಾತು: ಮೊದಲ ವರ್ಷ ಐವತ್ತು ಮಿ.ಮೀ. ಬಿಟ್ಟು ಬೇರೇನೂ ಬೇಡ. ಅದು ಹಗುರ, ಅಗ್ಗ, ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮನ್ನು ನಡೆಸುತ್ತದೆ. ಹತ್ತಿರ ಬೇಕೆಂದರೆ ಹತ್ತಿರ ಹೋಗಬೇಕು. ಹೋದಮೇಲೆ ಮಾತನಾಡಿಸಲೇಬೇಕು. ಆಮೇಲೆ ಎರಡನೆಯದು ಬೇಕೆನಿಸಿದರೆ ನಮ್ಮ ಕಡೆಗೆ ಇಪ್ಪತ್ತೆಂಟು ಮಿ.ಮೀ. ಒಪ್ಪುತ್ತದೆ. ಗಣಿಕಾರ್ಮಿಕರ ಲೈನ್ ಮನೆಗಳ ಇಕ್ಕಟ್ಟಾದ ಓಣಿಗಳಿಗೂ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿರುವ 108 ಅಡಿ ಎತ್ತರದ ಲಿಂಗಕ್ಕೂ ಅದು ಸಾಕು. ಗಣಿಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳನ್ನು ಮಾತ್ರ ಅದರಿಂದ ಬುಡದಲ್ಲಿ ನಿಂತು ತೆಗೆಯಬೇಡಿ. ಕ್ಯಾಮೆರಾ ಮೇಲಕ್ಕೆ ವಾಲಿದಷ್ಟೂ ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ.

2018ರ ‘ಕೆ.ಜಿ.ಎಫ್.’ ಸಿನಿಮಾ ಬಂದಂದಿನಿಂದ ನಮ್ಮೂರಿನ ಸಯನೈಡ್ ದಿಬ್ಬಗಳು ಹೊರಗಿನವರಿಗೂ ಪರಿಚಿತವಾಗಿವೆ. ಅಲ್ಲಿ ಎರಡು ತೊಂದರೆಗಳಿವೆ. ಒಂದು ಬೆಳಕಿನದು. ಲೈಟ್ ಮೀಟರ್ ಜಗತ್ತೆಲ್ಲ ನಡುವಣ ಬೂದು ಬಣ್ಣದ್ದೆಂದು ನಂಬಿ ಲೆಕ್ಕ ಹಾಕುತ್ತದೆ. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವ ದಿಬ್ಬದ ಮುಂದೆ ಅದು ಹೆದರಿ ಬೆಳಕನ್ನು ಕಡಿಮೆ ಮಾಡಿಬಿಡುತ್ತದೆ, ನಿಂತವರ ಮುಖ ಕಪ್ಪಾಗುತ್ತದೆ. ಅದೇ ಬೆಳಕಿನಲ್ಲಿ ನಿಮ್ಮ ಹಿಂಗೈ ಹಿಡಿದು ಅಳತೆ ತೆಗೆದುಕೊಳ್ಳಿ. ನಮ್ಮ ಕಂದು ಚರ್ಮ ಮೀಟರಿಗೆ ಬೇಕಾದ ಬಣ್ಣಕ್ಕೆ ಬಹಳ ಹತ್ತಿರ.

ಎರಡನೆಯದು ಧೂಳಿನದು, ಚೀಲದ ಮಾತು ಬರುವುದು ಇಲ್ಲಿ. ಆ ದಿಬ್ಬಗಳೆಂದರೆ ಚಿನ್ನ ತೆಗೆದು ಉಳಿದ, ಪುಡಿಮಾಡಿದ ಕಲ್ಲು. ಅದರಲ್ಲಿ ಬೆಣಚುಕಲ್ಲಿನ ಅಂಶವಿದೆ. ಒಂಬತ್ತನೆಯ ತರಗತಿಯಲ್ಲಿ ಹೇಳಿದ್ದು ನೆನಪಿದೆಯೇ? ಗಡಸುತನದಲ್ಲಿ ಬೆಣಚುಕಲ್ಲಿನದು ಏಳನೆಯ ಅಂಕ, ಗಾಜಿನದು ಸುಮಾರು ಐದೂವರೆ. ಆ ಧೂಳು ಕೂತ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ. ಮೊದಲು ರಬ್ಬರಿನ ಬುಗ್ಗೆಯಿಂದ ಊದಿ, ಬಳಿಕ ಮೆತ್ತನೆಯ ಬ್ರಷ್ಷು. ಚೀಲ ದುಬಾರಿಯದಾಗಬೇಕಿಲ್ಲ, ಜಿಪ್ಪಿನ ಮೇಲೆ ಮಡಿಕೆ ಬೀಳುವ ಕ್ಯಾನ್ವಾಸಿನದಾಗಿರಲಿ. ಕಂಪನಿಯ ಹೆಸರು ದೊಡ್ಡದಾಗಿ ಬರೆದಿರುವುದು ಬೇಡ, ಅದು ಕಳ್ಳರಿಗೆ ಕೊಟ್ಟ ಆಮಂತ್ರಣ. ನಾನು ಶಾಲೆಗೆ ಒಯ್ಯುತ್ತಿದ್ದ ಹೆಗಲಚೀಲದೊಳಗೆ ಸ್ಪಂಜು ಹೊಲಿಸಿಕೊಂಡು ಇಪ್ಪತ್ತು ವರ್ಷ ಕಳೆದೆ. ಹಳೆಯ ಕ್ಯಾಮೆರಾ ಜೊತೆಗೆ ಬರುವ ಚರ್ಮದ ಕವಚ ನೋಡಲು ಚೆಂದ. ಆದರೆ ಕ್ಯಾಮೆರಾವನ್ನು ಅದರಲ್ಲೇ ಇಟ್ಟರೆ ಚರ್ಮ ತೇವ ಹೀರಿ ಬೂಷ್ಟನ್ನು ಸಾಕುತ್ತದೆ. ಮನೆಯಲ್ಲಿ ಇಡಲು ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ನೀಲಿ ಹರಳು ಗುಲಾಬಿಯಾದರೆ ಕಾಯಿಸಿ ಮತ್ತೆ ಬಳಸಿ.

ವಿಜ್ಞಾನದ ಮೇಷ್ಟ್ರಾದ ನನಗೆ ಇನ್ನೊಂದು ಸೋಜಿಗ ಹೇಳದೆ ಇರಲಾಗದು. ನಮ್ಮ ಗಣಿಯಲ್ಲಿ ಕಲ್ಲಿನ ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದ ಅದೇ ಸಯನೈಡನ್ನು ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರು ಗಾಜಿನ ಫಲಕದಲ್ಲಿ ಉಳಿದ ಬೆಳ್ಳಿಯ ಲವಣವನ್ನು ತೊಳೆಯಲು ಬಳಸುತ್ತಿದ್ದರು. ಕಾಗದದ ಮೇಲಿನ ಚಿತ್ರ ಮಾಸದಿರಲೆಂದು ಅದಕ್ಕೆ ಚಿನ್ನದ ಲವಣದ ಲೇಪ ಕೊಡುತ್ತಿದ್ದರು. ಇಂದಿಗೂ ಕಪ್ಪುಬಿಳುಪಿನ ನೆಗೆಟಿವಿನಲ್ಲಿ ಕಾಣುವ ಕಪ್ಪು ಎಂದರೆ ಬೆಳ್ಳಿಯೇ.

ಇನ್ನು ಮೂರನೆಯ ಪ್ರಶ್ನೆ. ಈಗಿನ ಹುಡುಗರು ರೀಲು ತೊಳೆಸಿ, ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಫೋನಿಗೆ ತರಿಸಿಕೊಂಡು, ನೆಗೆಟಿವನ್ನು ಲ್ಯಾಬಿನಲ್ಲೇ ಬಿಟ್ಟುಬಿಡುತ್ತಾರಂತೆ! ಕೇಳಿ ಸಂಕಟವಾಯಿತು. 1994ರಲ್ಲಿ ಚಾಂಪಿಯನ್ ರೀಫ್ ಗಣಿಯ ಗೇಟಿನ ಹೊರಗೆ, ಪಾಳಿ ಮುಗಿಸಿ ಬಂದ ನನ್ನ ವಿದ್ಯಾರ್ಥಿಯೊಬ್ಬನ ತಂದೆಯ ಚಿತ್ರ ತೆಗೆದಿದ್ದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ಸಂಸಾರ ಊರು ಬಿಟ್ಟಿತು. ವರ್ಷಗಳ ಮೇಲೆ ತಂದೆ ತೀರಿಕೊಂಡಾಗ ಆ ಹುಡುಗ ಫೋನು ಮಾಡಿ, “ಅಪ್ಪ ಗಣಿಯ ಡ್ರೆಸ್ಸಿನಲ್ಲಿರುವ ಫೋಟೋ ನಮ್ಮ ಹತ್ತಿರ ಒಂದೂ ಇಲ್ಲ ಸಾರ್” ಎಂದ. ಪ್ರಿಂಟು ನನ್ನಲ್ಲೂ ಇರಲಿಲ್ಲ. ಆದರೆ ಕಾಗದದ ಕವರಿನ ಮೇಲೆ ತಿಂಗಳು, ವರ್ಷ, ಸ್ಥಳ ಬರೆದಿಟ್ಟಿದ್ದರಿಂದ ನೆಗೆಟಿವು ಹತ್ತು ನಿಮಿಷದಲ್ಲಿ ಸಿಕ್ಕಿತು. ದೊಡ್ಡದು ಮಾಡಿಸಿದಾಗ ಹೆಲ್ಮೆಟ್ಟಿನ ದೀಪ, ಹೆಗಲ ಮೇಲಿನಿಂದ ಇಳಿದ ವೈರು, ಕೈಯಲ್ಲಿನ ಊಟದ ಕ್ಯಾರಿಯರ್ ಎಲ್ಲ ಸ್ಪಷ್ಟವಾಗಿ ಮೂಡಿದವು. “ಆ ಕ್ಯಾರಿಯರ್ ಈಗಲೂ ನಮ್ಮ ಅಡುಗೆಮನೆಯಲ್ಲಿದೆ ಸಾರ್” ಎಂದು ಅವನು ಉತ್ತರ ಬರೆದ.

ಆದ್ದರಿಂದ ಲ್ಯಾಬಿನವರಲ್ಲಿ ನೆಗೆಟಿವನ್ನು ಕೇಳಿ ಪಡೆಯಿರಿ. ಪಿ.ವಿ.ಸಿ. ಕವರಿನಲ್ಲಿ ಇಡಬೇಡಿ, ಕಾಗದದ ಕವರಿನಲ್ಲಿಟ್ಟು ಮೇಲೆ ವಿವರ ಬರೆಯಿರಿ. ಇಂದು ರೀಲು, ತೊಳೆಸುವುದು, ಸ್ಕ್ಯಾನು ಸೇರಿ ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. ಹಾಗಾಗಿ ಕ್ಯಾಮೆರಾಕ್ಕೆಂದು ಎತ್ತಿಟ್ಟ ಹಣದಲ್ಲಿ ಅರ್ಧ ಭಾಗವನ್ನು ರೀಲಿಗೆ ಉಳಿಸಿಕೊಳ್ಳಿ. ಮೊದಲ ರೀಲಿನಲ್ಲಿ ಮನೆಯ ಹಿರಿಯರನ್ನು, ಅವರು ದಿನವೂ ಮಾಡುವ ಕೆಲಸದ ನಡುವೆ, ತೆಗೆಯಿರಿ. ದಿಬ್ಬಗಳು ಮುಂದಿನ ವರ್ಷವೂ ಇರುತ್ತವೆ.