ಯಾರಿಗೂ ತಲೆಬಾಗದ ಚಿಪ್ಪು

ಹಾಲೆಂಡಿನ ಹೇಗ್ ನಗರದಲ್ಲಿ ಪಿಯೇರ್ ಲಿಯೋನೆ ಎಂಬ ವಕೀಲನಿದ್ದ. 1789ರಲ್ಲಿ ಆತ ತೀರಿಕೊಂಡ ಮೇಲೆ, ಕೆಲವೇ ವರ್ಷಗಳಲ್ಲಿ ಆತನ ಸಂಗ್ರಹವೆಲ್ಲ ಹರಾಜಿಗೆ ಬಂದಿತು. ಅದರಲ್ಲಿ ವೆರ್ಮೇರ್ ಬರೆದ ಒಂದು ಚಿತ್ರವಿತ್ತು; ನೀಲಿ ಉಡುಪಿನ ಹೆಣ್ಣೊಬ್ಬಳು ಬೆಳಕಿಗೆ ಮುಖಮಾಡಿ ನಿಂತು ಕಾಗದ ಓದುತ್ತಿರುವ ಚಿತ್ರ. ಇಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂಗೆ ಹೋದವರು ಅದರ ಮುಂದೆ ಮೌನವಾಗಿ ನಿಲ್ಲುತ್ತಾರೆ. ಅಂದು ಅದು ಹೋದದ್ದು 43 ಗಿಲ್ಡರುಗಳಿಗೆ. ಎರಡು ಅಂಗುಲದ ಒಂದು ಚಿಪ್ಪಿಗೆ ಅದರ ಐದು ಪಟ್ಟಿಗೂ ಮೀರಿದ ಬೆಲೆ ಬಂದಿತು!

ಆ ಚಿಪ್ಪಿನ ಹೆಸರು ಕೋನಸ್ ಸೆಡೊನುಲ್ಲಿ. ಲ್ಯಾಟಿನ್ನಿನಲ್ಲಿ 'ಯಾರಿಗೂ ತಲೆಬಾಗೆನು' ಎಂದರ್ಥ. ಕೆರಿಬಿಯನ್ ಸಮುದ್ರದ ಸ್ವತ್ತು. ಬುಗುರಿಯಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಮೊನೆ. ಕಿತ್ತಳೆ ಬಣ್ಣದ ಮೈಮೇಲೆ ಮುತ್ತು ಪೋಣಿಸಿದಂತೆ ಬಿಳಿಯ ಚುಕ್ಕೆಗಳ ಸಾಲು. ಹರಾಜು ಕೂಗಿದವರನ್ನು ತೀರ ಹಳಿಯುವಂತಿಲ್ಲ.

ವಿನೋದವೆಂದರೆ, ಕಡಲೊಳಗೆ ಈ ಸಿಂಗಾರವನ್ನು ಕಾಣುವವರೇ ಇಲ್ಲ. ಈ ವಂಶದ ಜೀವಿಗಳು ಸಾಮಾನ್ಯವಾಗಿ ಹಗಲು ಮರಳಿನಲ್ಲೋ ಬಂಡೆಯ ಸಂದಿನಲ್ಲೋ ಅಡಗಿದ್ದು, ಇರುಳಾದ ಮೇಲೆ ಬೇಟೆಗೆ ಹೊರಡುತ್ತವೆ. ಬದುಕಿರುವ ತನಕ ಚಿಪ್ಪಿನ ಮೇಲೆ ಮಾಸಲು ಪೊರೆಯೊಂದು ಹೊದ್ದಿರುತ್ತದೆ. ಅದನ್ನು ಉಜ್ಜಿ ತೆಗೆದು, ಒಳಗಿನ ಮಾಂಸವನ್ನು ಎಸೆದ ಮೇಲೆಯೇ ಶ್ರೀಮಂತರ ಕಪಾಟಿನಲ್ಲಿ ಅದಕ್ಕೆ ಪ್ರವೇಶ.

ಲಿಯೋನೆಯಾದರೋ ಸಾಮಾನ್ಯನಲ್ಲ. ಮರ ಕೊರೆಯುವ ಪತಂಗದ ಮರಿಹುಳುವೊಂದನ್ನು ಸೀಳಿ, ಅದರ ನಾಲ್ಕು ಸಾವಿರಕ್ಕೂ ಮಿಕ್ಕಿದ ಸ್ನಾಯುಗಳನ್ನು ಎಣಿಸಿ, 1760ರಲ್ಲಿ ಗ್ರಂಥ ಬರೆದವನು. ಅಂಥವನ ಕೈಗೂ ಚಿಪ್ಪು ಬರಿದಾಗಿಯೇ ಬಂದಿತು.

ಒಳಗಿದ್ದುದು ಒಂದು ಮಾಂಸಾಹಾರಿ ಬಸವನಹುಳು. ಬೇಟೆಯನ್ನು ಅಟ್ಟಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಅದರ ಹಲ್ಲೇ ಟೊಳ್ಳಾದ ಈಟಿ, ಅದರೊಳಗೆ ವಿಷ. ಒಂದು ಹಲ್ಲು ಒಂದೇ ಬಾರಿಗೆ. ಈ ವಂಶದ ಬಹುಪಾಲು ಜಾತಿಗಳು ಕಡಲ ಹುಳುಗಳನ್ನು ಚುಚ್ಚಿ ತಿನ್ನುತ್ತವೆ. ಕೆಲವು ಮೀನನ್ನೇ ಕೆಡಹುತ್ತವೆ. ಕೋನಸ್ ಜಿಯೋಗ್ರಾಫಸ್ ಎಂಬುದಂತೂ ಚೆಲುವಿಗೆ ಮರುಳಾಗಿ ಅಂಗೈಯಲ್ಲಿ ಎತ್ತಿಕೊಂಡ ಮನುಷ್ಯರನ್ನೂ ಕೊಂದಿದೆ.

ಚಿಪ್ಪು ಆಯುತ್ತ ಬೆಳೆದ ಹುಡುಗನೊಬ್ಬನೇ ಕೊನೆಗೆ ಒಳಗಿನ ಜೀವಿಯ ಕಡೆ ತಿರುಗಿದ. ಫಿಲಿಪೈನ್ಸಿನ ಬಾಲ್ಡೊಮೆರೊ ಒಲಿವೆರಾ ಅಮೆರಿಕದಲ್ಲಿ ಓದಿ ತಾಯ್ನಾಡಿಗೆ ಮರಳಿದಾಗ ಪ್ರಯೋಗಶಾಲೆಯಲ್ಲಿ ಹೇಳಿಕೊಳ್ಳುವಂಥ ಉಪಕರಣಗಳಿರಲಿಲ್ಲ. ಸುತ್ತಲ ಕಡಲಿನಲ್ಲಿ ಈ ಹುಳುಗಳಿದ್ದುವು. ಅವುಗಳ ವಿಷವನ್ನೇ ಅಭ್ಯಾಸಕ್ಕೆ ಆರಿಸಿಕೊಂಡರು. ಮುಂದೆ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಅವರ ಕೈಕೆಳಗೆ ಮೈಕೆಲ್ ಮೆಕಿಂಟಾಷ್ ಎಂಬ ಎಳೆಯ ವಿದ್ಯಾರ್ಥಿ, ಮೀನು ಬೇಟೆಯಾಡುವ ಕೋನಸ್ ಮೇಗಸ್ಸಿನ ವಿಷದಿಂದ ಒಂದು ಅಂಶವನ್ನು ಬೇರ್ಪಡಿಸಿದ. ಮೇಗಸ್ ಎಂದರೆ ಮಾಂತ್ರಿಕ. ಅದರ ಚಿಪ್ಪಿಗೆ ಹರಾಜಿನಲ್ಲಿ ಯಾರೂ ಪೈಪೋಟಿ ನಡೆಸಲಾರರು, ಅಷ್ಟು ಸಾಮಾನ್ಯ.

ಆ ಅಂಶ ನೋವಿನ ವಾರ್ತೆಯನ್ನು ಬೆನ್ನುಹುರಿಯಲ್ಲಿಯೇ ತಡೆಯುತ್ತದೆ. ಅದನ್ನೇ ಕೃತಕವಾಗಿ ತಯಾರಿಸಿದ ಜಿಕೊನೊಟೈಡ್ ಎಂಬ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಾರ್ಫೀನಿನಂತೆ ಅದು ಚಟ ಹಿಡಿಸದು. ಹಾಗೆಂದು ಸುಲಭದ ಮದ್ದೂ ಅಲ್ಲ. ಗುಳಿಗೆಯಾಗಿ ನುಂಗುವಂತಿಲ್ಲ, ಬೆನ್ನುಹುರಿಯ ಸುತ್ತಣ ದ್ರವಕ್ಕೆ ಪುಟ್ಟ ಪಂಪಿನ ಮೂಲಕ ತೊಟ್ಟುತೊಟ್ಟಾಗಿ ಹರಿಸಬೇಕು. ಕೆಲವರಿಗೆ ಬುದ್ಧಿಭ್ರಮೆಯಾಗುವುದೂ ಉಂಟು. ಮಾರ್ಫೀನಿಗೂ ಬಗ್ಗದ ನೋವಿನಲ್ಲಿ ನರಳುವವರು ಅದನ್ನೂ ಬಲ್ಲರು, ಬಲ್ಲವರಾಗಿಯೇ ಒಪ್ಪುತ್ತಾರೆ.